ಮುನ್ನೂರ ಹದಿನೇಳು

ಸಿಲೇಸಿಯಾದ ಈ ಕಲ್ಲಿದ್ದಲ ಗಣಿಯಲ್ಲಿ
ದೀಪದ ಕೋಣೆ ನನ್ನದು.
ಇಪ್ಪತ್ತಾರು ವರ್ಷದಿಂದ ಕಿಂಡಿಯಾಚೆಗೆ ಕೈ ಚಾಚಿ
ಇಳಿಯುವವರಿಗೆ ದೀಪ ಕೊಡುತ್ತೇನೆ,
ಏರಿ ಬಂದವರಿಂದ ಇಸಕೊಳ್ಳುತ್ತೇನೆ.
ನಡುವೆ ನಡೆಯುವುದೆಲ್ಲ ಭೂಮಿಗೆ ಬಿಟ್ಟದ್ದು.

ಕಿಂಡಿಗೆ ಬರುವುದು ಮುಖವಲ್ಲ, ಹಿತ್ತಾಳೆಯ ಬಿಲ್ಲೆ.
ಬಿಲ್ಲೆಗೊಂದು ಅಂಕೆ, ಅಂಕೆಗೊಂದು ಗೂಟ,
ಗೂಟಕ್ಕೊಂದು ದೀಪ.
ನಲವತ್ತೆರಡು ಅಂದರೆ ದಪ್ಪ ಬೆರಳು.
ನೂರಾ ಆರು ಅಂದರೆ ಸೀಳಿದ ಉಗುರು,
ಬೆಳ್ಳುಳ್ಳಿ ವಾಸನೆ.

ಆಗಮನ ಕಾಲಕ್ಕೆ ನನ್ನ ಮನೆಯಲ್ಲಿ
ಸಡಗರವೇನು ಕಡಿಮೆಯಿರಲಿಲ್ಲ:
ಕಿಟಕಿ ಒರೆಸು, ಕಾರ್ಪ್ ಮೀನಿಗೆ ಹೇಳಿಡು, ಗಸಗಸೆ ಅರೆ,
ಫರ್ ಕೊಂಬೆಯ ಬಳೆಗೆ ನಾಲ್ಕು ಮೇಣದ ಬತ್ತಿ ಚುಚ್ಚು,
ಮೂರನೆಯದನ್ನು ಹಚ್ಚಲು ಮರೆ,
ನಾಲ್ಕನೆಯ ಭಾನುವಾರ ಗಡಿಬಿಡಿಯಲ್ಲಿ ಎರಡನ್ನೂ ಹಚ್ಚಿ,
ನೋಡಿದವರಿಗೆ ತಿಳಿಯದಂತೆ
ಮೂರನೆಯದರ ತಲೆಯನ್ನು ಚಾಕುವಿನಿಂದ ಕೊಯ್ದುಬಿಡು.
ದೇವರು ನೋಡಿದ್ದಾನೆ. ಏನೂ ಅಂದಿಲ್ಲ.

ಈ ಸಲ ರೋರಾತಿಗೆ ಹೋದೆ.
ಬೆಳಕು ಹರಿಯುವ ಮೊದಲೇ ನಡೆಯುವ ಪೂಜೆ;
ಇಗರ್ಜಿಯ ದೀಪಗಳನ್ನೆಲ್ಲ ಆರಿಸಿರುತ್ತಾರೆ,
ಮಕ್ಕಳು ಲಾಂದ್ರ ಹಿಡಿದು ಕತ್ತಲನ್ನು ದಾಟಿ ಬರುತ್ತಾರೆ.
ಒಬ್ಬ ಪೋರ ನನ್ನ ಶಾಲಿನ ಅಂಚು ಸುಟ್ಟ.
ಫಾದರ್ ರೂಫಿನ್‌ಗೆ ನೆಗಡಿ, ಪ್ರಸಂಗ ಎರಡೇ ಮಾತು:
"ಕಾಯುವುದು ಸುಮ್ಮನೆ ಕೂರುವುದಲ್ಲ.
ಯಾರಿಗಾಗಿ ಎಂದು ಗೊತ್ತಿರುವುದು."
ಮೂಗು ಒರೆಸಿಕೊಂಡು ಪೀಠಕ್ಕೆ ಹೋದರು.
ನನಗೆ ಸುಟ್ಟ ಶಾಲಿನದೇ ಚಿಂತೆ.

ಸಂತ ಬಾರ್ಬರಾಳ ಹಬ್ಬ ಮುಗಿದ ಮಾರನೆಯ ದಿನ,
ವಾದ್ಯದವರ ಗರಿಯ ಟೋಪಿಗಳು ಪೆಟ್ಟಿಗೆ ಸೇರಿದ ಮೇಲೆ,
ರಾತ್ರಿ ಪಾಳಿಯವರು ಮೇಲೆ ಬಂದರು.
ದೀಪಗಳೆಲ್ಲ ಗೂಟಕ್ಕೆ ಬಂದವು. ಒಂದು ಬರಲಿಲ್ಲ.
ಕಾಲು ಗಂಟೆ ನೋಡಿ ಕೆಳಗೆ ಫೋನು ಮಾಡಿದೆ.
"ಯಾರು ಬಂದಿಲ್ಲ?"
"ಮುನ್ನೂರ ಹದಿನೇಳು."
"ಹೆಸರು ಹೇಳಮ್ಮ, ಹೆಸರು."

ಹನ್ನೊಂದು ವರ್ಷ ಆ ಕೈಗೆ ದೀಪ ಇಟ್ಟಿದ್ದೇನೆ.
ಹೆಬ್ಬೆರಳ ಬುಡದಲ್ಲಿ ನೀಲಿ ಮಚ್ಚೆಯಂತೆ
ಚರ್ಮದೊಳಗೆ ಉಳಿದ ಕಲ್ಲಿದ್ದಲ ಚೂರು ಗೊತ್ತು.
ಹೆಸರು ಗೊತ್ತಿಲ್ಲ.

ದಫ್ತರು ತೆಗೆದೆ. ಕನ್ನಡಕ ಎಲ್ಲೋ.
ಹಾಳೆಯನ್ನು ಕಣ್ಣಿಗೆ ತಾಗಿಸಿಕೊಂಡು ಓದಿದೆ:
ಗಿಂಟೆರ್ ಶೊಪಾ.
ಶೊಪಾ ಅಂದರೆ ನಮ್ಮ ಮಾತಿನಲ್ಲಿ ಕೊಟ್ಟಿಗೆ.
ನಗು ಬರಬೇಕಿತ್ತು. ಬರಲಿಲ್ಲ.
ಖಾಲಿ ಗೂಟ ನೋಡುತ್ತ
ಗಿಂಟೆರ್, ಗಿಂಟೆರ್ ಎಂದು ಗುನುಗಿದೆ,
ಇಷ್ಟು ವರ್ಷ ನಾನು ಕಾದದ್ದು
ಬರೀ ಗೂಟಗಳು ತುಂಬಲಿ ಎಂದು.

ಏಳಕ್ಕೆ ಹತ್ತು ನಿಮಿಷವಿರುವಾಗ ಬಂದ.
ಪಂಪು ಕೆಟ್ಟಿತ್ತಂತೆ, ಅಷ್ಟೇ.
ದೀಪ ಇಟ್ಟ. ಬ್ಯಾಟರಿ ಇನ್ನೂ ಬಿಸಿ.
"ಬಂದೆಯಾ, ಗಿಂಟೆರ್?" ಎಂದೆ.
ಯಾರನ್ನು ಕರೆದೆನೋ ಎಂದು
ಅವನು ತಿರುಗಿ ಹಿಂದೆ ನೋಡಿದ.

ಅಂದಿನಿಂದ ದಿನಕ್ಕೆ ಆರು ಹೆಸರು ಕಲಿಯುತ್ತಿದ್ದೇನೆ.
ದೀಪ ಕೊಡುವಾಗ ಹೇಳುತ್ತೇನೆ, ಇಸಕೊಳ್ಳುವಾಗ ಹೇಳುತ್ತೇನೆ.
ಸಾಲು ನಿಧಾನವಾಗಿದೆ, ಮೇಲ್ವಿಚಾರಕ ಗೊಣಗಿದ್ದಾನೆ.
"ಏನು ಗೆರ್ತ್ರೂದಾ, ಜನಗಣತಿಯೇ?" ಎಂದ ಆಖಿಮ್.
ಇರಬಹುದು. ಇಂಥ ಚಳಿಯಲ್ಲೇ ಒಮ್ಮೆ
ಹೆಸರು ಬರೆಸಲೆಂದು ಹೊರಟವರಿದ್ದರು,
ದಾರಿಯಲ್ಲಿ ಅವರಿಗೆ ಜಾಗ ಸಿಕ್ಕಿರಲಿಲ್ಲ.

ಇಪ್ಪತ್ತು ಹೆಸರು ಈಗಲೂ ಅದಲುಬದಲಾಗುತ್ತವೆ.
ಅಲೋಯ್ಜಿಯನ್ನು ಹುಬೆರ್ಟ್ ಎಂದೆ, ಮುನಿಸಿಕೊಂಡ.

ಮೂರನೆಯ ಬತ್ತಿ ಈ ವರ್ಷವೂ ಮರೆತೆ.
ನಿನ್ನೆ ನಾಲ್ಕನೆಯದರ ಜೊತೆ ಹಚ್ಚಿದೆ.
ಉಳಿದವಕ್ಕಿಂತ ಎತ್ತರವಾಗಿ ಎದ್ದು ಕಾಣುತ್ತದೆ.
ಕಾಣಲಿ. ಕೊಯ್ಯಲಿಲ್ಲ.